ಸಾಲವನ್ನೇ ಮಾಡದವರಿಗೆ ಮೊದಲ ಕ್ರೆಡಿಟ್ ಕಾರ್ಡ್: ಎಫ್‌ಡಿ ಮೇಲಿನದಾ, ಸಂಬಳದ ಬ್ಯಾಂಕಿನದಾ, ಆ್ಯಪಿನದಾ?

"ಯಾರ ಹತ್ರನೂ ಒಂದ್ರೂಪಾಯಿ ಸಾಲ ಇಲ್ಲ ಸಾರ್, ಆದ್ರೂ ಕಾರ್ಡ್ ಕೊಡಲ್ಲ ಅಂತಾರೆ." ಹಾಸನದಲ್ಲಿ ಕೂತು ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ತುಂಬಿಕೊಡುವ ನನ್ನಂಥವನಿಗೆ ಜುಲೈ ಬಂತೆಂದರೆ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಹೇಳುವವರು ಹೆಚ್ಚಾಗಿ ಈಗಷ್ಟೇ ಕೆಲಸಕ್ಕೆ ಸೇರಿದವರು, ಇಲ್ಲವೇ ಸಕಲೇಶಪುರ, ಬೇಲೂರು ಕಡೆಯ ತೋಟದ ಮನೆಯವರು. ಕಾರ್ಡ್ ಸಿಗದೇ ಇರುವುದಕ್ಕೆ ಕಾರಣವನ್ನು ಅವರೇ ಹೇಳಿಬಿಟ್ಟಿರುತ್ತಾರೆ. ಸಾಲ ಇಲ್ಲ, ಅದಕ್ಕೇ ಕೊಡಲ್ಲ.

ನಮ್ಮ ದೇಶದಲ್ಲಿ ಯಾರು ಸಾಲ ತಗೊಂಡರು, ಸರಿಯಾಗಿ ಕಟ್ಟಿದರಾ ಅಂತ ದಾಖಲೆ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಜನ ಎಲ್ಲವನ್ನೂ ಸೇರಿಸಿ "ಸಿಬಿಲ್" ಅಂತಲೇ ಕರೆಯುತ್ತಾರೆ. ಆ ದಾಖಲೆ ನೋಡಿ ಇವರು ಕೊಡುವ ಅಂಕವೇ ಸ್ಕೋರ್, ಅದು 300ರಿಂದ 900ರವರೆಗೆ. ಸಾಲವನ್ನೇ ಮಾಡದವರ ಹೆಸರಿನ ಮುಂದೆ ಈ ಅಂಕಿಯ ಜಾಗದಲ್ಲಿ ಎನ್‌ಎಚ್ (ನೋ ಹಿಸ್ಟರಿ, ಅಂದರೆ ಚರಿತ್ರೆ ಇಲ್ಲ) ಅಂತಲೋ ಮೈನಸ್ 1 ಅಂತಲೋ ಬರುತ್ತದೆ. ಅದನ್ನು ನೋಡಿ ಗಾಬರಿ ಆಗಬೇಡಿ. ಕೆಟ್ಟ ಸ್ಕೋರ್ ಬೇರೆ, ಸ್ಕೋರೇ ಇಲ್ಲದಿರುವುದು ಬೇರೆ. ಬರೀ ಸಾಲದ ಚರಿತ್ರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. 2025ರಲ್ಲಿ ಹಣಕಾಸು ಸಚಿವಾಲಯವೂ ಸಂಸತ್ತಿನಲ್ಲಿ ಇದನ್ನೇ ಹೇಳಿತು. ಹಾಗಂತ ಬ್ಯಾಂಕು ಕಾರ್ಡ್ ಕೊಡಲೇಬೇಕು ಅಂತೇನಿಲ್ಲ. ಬೇರೆ ಯಾವುದೋ ಕಾರಣ ತೋರಿಸಿ ಬೇಡ ಅನ್ನಬಹುದು, ಅನ್ನುತ್ತವೆ ಕೂಡ.

ಮೊದಲು ನಿಮ್ಮ ದಾಖಲೆ ನಿಜವಾಗಿಯೂ ಖಾಲಿ ಇದೆಯಾ ನೋಡಿಕೊಳ್ಳಿ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಬಿಟ್ಟಿಯಾಗಿ ಕೊಡಲೇಬೇಕು. ಅವರವರ ವೆಬ್‌ಸೈಟಿನಲ್ಲೇ ಸಿಗುತ್ತದೆ, ಯಾರಿಗೂ ದುಡ್ಡು ಕೊಡಬೇಕಿಲ್ಲ. ತೆಗೆದು ನೋಡಿದಾಗ ಅರ್ಧ ಜನಕ್ಕೆ ಆಶ್ಚರ್ಯ ಕಾದಿರುತ್ತದೆ. ಹಿಂದೊಮ್ಮೆ ಒಡವೆ ಇಟ್ಟು ತಂದ ಚಿನ್ನದ ಸಾಲ, ಮೊಬೈಲ್‌ಗೆ ಹಾಕಿಸಿದ ಇಎಂಐ, ಮಹಿಳಾ ಸಂಘಕ್ಕೆ ಮೈಕ್ರೋಫೈನಾನ್ಸ್ ಕೊಟ್ಟ ಸಾಲ, ಕಾಲೇಜಿಗೆ ಸೇರುವಾಗ ತೆಗೆದ ಎಜುಕೇಶನ್ ಲೋನ್, ಭಾವನ ಬೈಕ್ ಸಾಲಕ್ಕೆ ಹಾಕಿದ ಜಾಮೀನು ಸಹಿ, ಎಲ್ಲಾ ಅಲ್ಲಿರುತ್ತದೆ. ಊರಿನ ಸೊಸೈಟಿಯ ಬೆಳೆ ಸಾಲ ಮಾತ್ರ ಎಷ್ಟೋ ಸಲ ಕಾಣುವುದೇ ಇಲ್ಲ. ಇಪ್ಪತ್ತು ವರ್ಷ ಸೊಸೈಟಿಗೆ ಒಂದು ದಿನವೂ ತಪ್ಪದೆ ಕಟ್ಟಿದ ಮನೆಯ ಯಜಮಾನರು ಕಂಪ್ಯೂಟರ್ ಲೆಕ್ಕದಲ್ಲಿ ಅಪರಿಚಿತರು. ಬೇಜಾರಿನ ಸಂಗತಿ, ಆದರೆ ಇರುವುದು ಹಾಗೆ.

ಯಾವ ಕಾರ್ಡ್ ಅನ್ನುವುದು ಆಮೇಲಿನ ಮಾತು. ನಿಮಗೆ ದುಡ್ಡು ಹೇಗೆ ಬರುತ್ತದೆ ಅನ್ನುವುದು ಮೊದಲಿನದು. ತಿಂಗಳಿಗೊಮ್ಮೆ ಸಂಬಳವಾಗಿಯಾ, ದಿನದಿನದ ವ್ಯಾಪಾರದಲ್ಲಾ, ವರ್ಷಕ್ಕೊಮ್ಮೆ ಕಾಫಿ ಮಾರಿದಾಗಲಾ? ಕ್ಯಾಶ್‌ಬ್ಯಾಕು, ಪಾಯಿಂಟು ನೋಡಿ ಕಾರ್ಡ್ ಆರಿಸುವವರು ಇದನ್ನು ಕೇಳಿಕೊಳ್ಳುವುದೇ ಇಲ್ಲ.

ಸಂಬಳದ ಖಾತೆ ಇದ್ದರೆ

ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ನರ್ಸ್, ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಕಾಲೇಜಿನಲ್ಲಿ ಲೆಕ್ಚರರ್, ಹೀಗೆ ಸಂಬಳ ಬ್ಯಾಂಕಿಗೇ ಬೀಳುವವರು ಮೊದಲು ಕೇಳಬೇಕಾದ್ದು ಆ ಬ್ಯಾಂಕನ್ನೇ. ತಿಂಗಳು ತಿಂಗಳು ಎಷ್ಟು ಬರುತ್ತದೆ, ಎಷ್ಟು ಉಳಿಯುತ್ತದೆ ಅನ್ನುವುದು ಅವರ ಕಣ್ಣೆದುರೇ ಇರುತ್ತದೆ. ಆರು ತಿಂಗಳ ಸಂಬಳ ಬಿದ್ದ ಮೇಲೆ ಬ್ಯಾಂಕಿನ ಆ್ಯಪ್ ತೆಗೆದು "ಪ್ರೀ ಅಪ್ರೂವ್ಡ್" (ಮೊದಲೇ ಒಪ್ಪಿಗೆಯಾದ ಕಾರ್ಡ್) ಅಂತ ಏನಾದರೂ ಬಂದಿದೆಯಾ ನೋಡಿ. ಬಂದಿದ್ದರೆ ಅದೇ ಎಲ್ಲಕ್ಕಿಂತ ಸಲೀಸು ದಾರಿ. ಸಂಬಳದ ಚೀಟಿ, ಮನೆ ವಿಳಾಸದ ಪರಿಶೀಲನೆ ಯಾವ ತಾಪತ್ರಯವೂ ಇರುವುದಿಲ್ಲ.

ಬರದಿದ್ದರೆ ಶಾಖೆಗೆ ಹೋಗಿ ಕೇಳಬಹುದು. ಆದರೆ ಒಂದು ವಿಷಯ ಗೊತ್ತಿರಲಿ. ಮ್ಯಾನೇಜರ್ ಪರಿಚಯ ಇದ್ದಾರೆ ಅನ್ನುವುದು ಕಾರ್ಡಿನ ವಿಷಯದಲ್ಲಿ ಜಾಸ್ತಿ ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳದ್ದು ಅಪ್ಪನ ಕಾಲದ ಮೈಸೂರು ಬ್ಯಾಂಕ್ ಖಾತೆ, 2017ರಲ್ಲಿ ಅದು ಎಸ್‌ಬಿಐ ಆಯಿತು. "ಮೂವತ್ತು ವರ್ಷದ ಖಾತೆ, ನಮಗೆ ಕೊಡಲ್ವಾ" ಅಂತ ಕೇಳುತ್ತಾರೆ. ಆದರೆ ಎಸ್‌ಬಿಐ ಕಾರ್ಡ್ ಅನ್ನುವುದು ಬೇರೆಯೇ ಕಂಪನಿ. ಶಾಖೆಯಲ್ಲಿ ಟೇಬಲ್ ಹಾಕಿಕೊಂಡು ಕೂತ ಹುಡುಗ ಆ ಕಂಪನಿ ಪರವಾಗಿ ಅರ್ಜಿ ತುಂಬಿಸಿಕೊಳ್ಳುವವನು. ಕೊಡಬೇಕೋ ಬೇಡವೋ ಅನ್ನುವುದು ಅವನ ಕೈಯಲ್ಲೂ ಇಲ್ಲ, ಮ್ಯಾನೇಜರ್ ಕೈಯಲ್ಲೂ ಇಲ್ಲ. ಬ್ಯಾಂಕ್ ಆಫ್ ಬರೋಡಾದ್ದೂ ಹಾಗೇ, ಬಾಬ್‌ಕಾರ್ಡ್ ಅಂತ ಪ್ರತ್ಯೇಕ ಕಂಪನಿ. ಕೆನರಾ, ಎಚ್‌ಡಿಎಫ್‌ಸಿ, ಐಸಿಐಸಿಐ, ಆಕ್ಸಿಸ್ ಇವು ಕಾರ್ಡನ್ನು ತಾವೇ ಕೊಡುತ್ತವೆ.

ಈ ದಾರಿಯ ತೊಡಕು ಎಂದರೆ ವಯಸ್ಸು, ಸಂಬಳ, ಪಿನ್‌ಕೋಡ್ ಮೂರೂ ಹೊಂದಬೇಕು. ಬಹಳ ಬ್ಯಾಂಕುಗಳು 21 ವರ್ಷ ಕೇಳುತ್ತವೆ. ಆಧಾರ್‌ನಲ್ಲಿ ಮೂಡಿಗೆರೆ ಕಡೆಯ ಹಳ್ಳಿಯ ವಿಳಾಸ ಇದ್ದರೆ "ನಿಮ್ಮ ಪಿನ್‌ಕೋಡ್‌ಗೆ ಸೇವೆ ಇಲ್ಲ" ಅಂತ ಮೊದಲ ಹೆಜ್ಜೆಯಲ್ಲೇ ನಿಲ್ಲಿಸಬಹುದು. ಆಗ ಸುಮ್ನೆ ಇನ್ನೂ ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ನೀವು ಹಾಕಿದ ಪ್ರತಿ ಅರ್ಜಿಗೂ ಬ್ಯಾಂಕು ನಿಮ್ಮ ದಾಖಲೆ ತೆಗೆದು ನೋಡುತ್ತದೆ, ನೋಡಿದ್ದು ಅಲ್ಲೇ ಗುರುತಾಗಿ ಉಳಿಯುತ್ತದೆ. ಖಾಲಿ ದಾಖಲೆಯಲ್ಲಿ ಬರೀ ಐದು ವಿಚಾರಣೆಗಳೇ ತುಂಬಿಕೊಂಡಿದ್ದರೆ ಆರನೆಯವರು ಇನ್ನೂ ಹಿಂಜರಿಯುತ್ತಾರೆ. ಬದಲಿಗೆ, ಬೇಡ ಅಂದವರಿಂದ ಕಾರಣ ಬರಹದಲ್ಲಿ ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಅವರು ಅದನ್ನು ಕೊಡಬೇಕು.

ಎಫ್‌ಡಿ ಮೇಲಿನ ಕಾರ್ಡ್

ನನ್ನನ್ನು ಕೇಳಿದರೆ ಹಾಸನ, ಚಿಕ್ಕಮಗಳೂರು ಕಡೆಯ ಬಹುಪಾಲು ಜನಕ್ಕೆ ಇದೇ ಸರಿ. ಹೋಮ್‌ಸ್ಟೇ ನಡೆಸುವವರು, ಕ್ಯಾಬ್ ಓಡಿಸುವವರು, ಅಂಗಡಿ ಇಟ್ಟವರು, ಕಾಲೇಜು ಹುಡುಗರು, ಮನೆ ನೋಡಿಕೊಳ್ಳುವ ಹೆಂಗಸರು, ತೋಟದವರು, ಇವರೆಲ್ಲರಿಗೂ ಆದಾಯ ಇದೆ ಅಥವಾ ಉಳಿತಾಯ ಇದೆ, ತೋರಿಸಲು ಕಾಗದ ಇಲ್ಲ. ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲದ ಕಾರಣ ಎಷ್ಟೋ ಬೆಳೆಗಾರರು ರಿಟರ್ನ್ಸೇ ಹಾಕಿರುವುದಿಲ್ಲ. ತಾವೇ ಕಾಫಿಯನ್ನು ಕ್ಯೂರಿಂಗ್ ಮಾಡಿ, ಅಂದರೆ ಹೊಟ್ಟು ತೆಗೆದು ಹಸನು ಮಾಡಿ ಮಾರಿದರೆ ಆ ಆದಾಯದ ಕಾಲು ಭಾಗ ತೆರಿಗೆ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಬೇರೆ ಕಥೆ. ಎಫ್‌ಡಿ ಕಾರ್ಡಿಗೆ ಇದು ಯಾವುದೂ ಬೇಕಿಲ್ಲ. ಬ್ಯಾಂಕಿನಲ್ಲಿ ಎಫ್‌ಡಿ ಇಡುತ್ತೀರಿ, ಅದರ ಮೇಲೆ ಬ್ಯಾಂಕು ಲೀನ್ (ನೀವು ಕಟ್ಟದಿದ್ದರೆ ಅದರಿಂದ ವಸೂಲಿ ಮಾಡುವ ಹಕ್ಕು) ಹಾಕಿಕೊಂಡು ಕಾರ್ಡ್ ಕೊಡುತ್ತದೆ.

ಕನಿಷ್ಠ ಎಷ್ಟು ಇಡಬೇಕು ಅನ್ನುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ದೊಡ್ಡ ಬ್ಯಾಂಕುಗಳಲ್ಲಿ ಇಪ್ಪತ್ತು, ಇಪ್ಪತ್ತೈದು ಸಾವಿರ ಸಾಮಾನ್ಯ. ಇಟ್ಟಿದ್ದರಲ್ಲಿ ಶೇ 75ರಿಂದ 100ರವರೆಗೆ ಕಾರ್ಡಿನ ಖರ್ಚಿನ ಲಿಮಿಟ್ ಸಿಗುತ್ತದೆ. ಎಫ್‌ಡಿಗೆ ಬರಬೇಕಾದ ಬಡ್ಡಿ ಬರುತ್ತಲೇ ಇರುತ್ತದೆ. ಕಾರ್ಡ್ ಮುಚ್ಚುವವರೆಗೆ ಎಫ್‌ಡಿ ಮುರಿಯುವ ಹಾಗಿಲ್ಲ, ಅಷ್ಟೇ. ಹೊರಗಿನಿಂದ ನೋಡಿದರೆ ಬೇರೆ ಕಾರ್ಡಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ದಾಖಲೆಗೂ ಮಾಮೂಲಿ ಕಾರ್ಡಿನಂತೆಯೇ ವರದಿ ಹೋಗುತ್ತದೆ. ಸುಮಾರು ಆರು ತಿಂಗಳು ಸರಿಯಾಗಿ ಬಳಸಿ ಕಟ್ಟಿದರೆ ಎನ್‌ಎಚ್ ಹೋಗಿ ಅಂಕಿ ಬರುತ್ತದೆ.

ಎಫ್‌ಡಿ ಇಡುವ ಮುಂಚೆ ಕೌಂಟರಿನಲ್ಲೇ ಕೇಳಿಕೊಳ್ಳಬೇಕಾದ್ದು ಕೆಲವು. ಎಫ್‌ಡಿ ನಿಮ್ಮೊಬ್ಬರ ಹೆಸರಿನಲ್ಲೇ ಇರಬೇಕಾ, ಜಂಟಿ ಆದರೂ ನಡೆಯುತ್ತಾ? ಹೆಚ್ಚಿನ ಕಡೆ ಒಬ್ಬರದ್ದೇ ಕೇಳುತ್ತಾರೆ. ಅವಧಿ ಮುಗಿದಾಗ ತಾನೇ ನವೀಕರಣ ಆಗುತ್ತಾ? ಮುಂದೆ ಮಾಮೂಲಿ ಕಾರ್ಡಿಗೆ ಬದಲಾಯಿಸಿ ಎಫ್‌ಡಿ ಬಿಡಿಸಿಕೊಳ್ಳಬಹುದಾ, ಇಲ್ಲ ಹೊಸದಾಗಿ ಅರ್ಜಿ ಹಾಕಬೇಕಾ? ವಾರ್ಷಿಕ ಶುಲ್ಕ ಎಷ್ಟು? ಹೊಸಬರಿಗೆ ಶುಲ್ಕ ಕೊಟ್ಟು ತೆಗೆದುಕೊಳ್ಳುವಂಥ ಕಾರ್ಡ್ ಯಾವುದೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. "ಪತ್ತಿನ ಸೊಸೈಟಿಯಲ್ಲಿ ಬಡ್ಡಿ ಒಂದೂವರೆ ಪರ್ಸೆಂಟ್ ಜಾಸ್ತಿ, ಅಲ್ಲೇ ಇಟ್ಟು ಕಾರ್ಡ್ ತಗೊಳ್ಳಬಹುದಾ" ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಪತ್ತಿನ ಸಹಕಾರ ಸಂಘಗಳು ಕ್ರೆಡಿಟ್ ಕಾರ್ಡ್ ಕೊಡುವುದಿಲ್ಲ. ಬ್ಯಾಂಕ್ ಠೇವಣಿಗೆ ಇರುವ ಐದು ಲಕ್ಷದ ವಿಮೆಯೂ ಅಲ್ಲಿನ ಠೇವಣಿಗೆ ಇಲ್ಲ. ಸಹಕಾರಿ ಬ್ಯಾಂಕಿಗೆ ಆ ವಿಮೆ ಇದೆ, ಸೊಸೈಟಿಗೆ ಇಲ್ಲ. ಹೆಸರು ಒಂದೇ ಥರ ಕೇಳಿಸುತ್ತದೆ ಅಂತ ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ.

ದುಡ್ಡಿನ ಅಗತ್ಯ ಬಿದ್ದು ಕಾರ್ಡ್ ಹುಡುಕುತ್ತಿದ್ದರೆ ಮಾತ್ರ ಎಫ್‌ಡಿ ಕಾರ್ಡ್ ಬೇಡ. ಅದೇ ಎಫ್‌ಡಿ ಮೇಲೆ ಸಾಲ ತಗೊಳ್ಳಿ. ಎಫ್‌ಡಿಗೆ ಸಿಗುವ ಬಡ್ಡಿಗಿಂತ ವರ್ಷಕ್ಕೆ ಒಂದೆರಡು ಪರ್ಸೆಂಟ್ ಜಾಸ್ತಿ ಕೊಟ್ಟರೆ ಮುಗಿಯಿತು. ಕಾರ್ಡಿನಲ್ಲಿ ಬಾಕಿ ಉಳಿಸಿದರೆ ತಿಂಗಳಿಗೇ ಮೂರು, ಮೂರೂವರೆ ಪರ್ಸೆಂಟ್.

ಆ್ಯಪು, ಅಂಗಡಿ ಇಎಂಐ, ಅಪ್ಪನ ಕಾರ್ಡು

ಆ್ಯಪ್ ಮೂಲಕ ಬರುವ ಕಾರ್ಡುಗಳಲ್ಲಿ ಆ್ಯಪ್ ಬರೀ ಮುಂಬಾಗಿಲು. ಹಿಂದೆ ಯಾವ ಬ್ಯಾಂಕಿದೆ ನೋಡಿ, ಬ್ಯಾಂಕಿನ ಹೆಸರೇ ಇಲ್ಲದಿದ್ದರೆ ಕೈ ಹಾಕಬೇಡಿ. ಕಾರ್ಡಿನ ಹಾಗೆ ಕಾಣುವ ಪ್ರೀಪೇಯ್ಡ್ ಕಾರ್ಡಿಗೆ ಸಾಲದ ದುಡ್ಡು ತುಂಬಿ ಕೊಡುವ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ನಿಲ್ಲಿಸಿತು. "ಈಗ ಕೊಳ್ಳಿ, ಆಮೇಲೆ ಕೊಡಿ" ಅನ್ನುವ ಬಟನ್ ಒತ್ತಿದರೆ ಅದೂ ಒಂದು ಸಾಲವೇ. ಐನೂರು ರೂಪಾಯಿ ಮರೆತರೂ ದಾಖಲೆಯಲ್ಲಿ ಕಂತು ತಪ್ಪಿದ್ದು ಅಂತ ಬೀಳಬಹುದು.

ಬಿ.ಎಂ. ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಹಾಕಿಕೊಡುವ ಇಎಂಐ ಅನ್ನುವುದು ಕ್ರೆಡಿಟ್ ಕಾರ್ಡಿಗಿಂತ ಹಳೆಯ ದಾರಿ. ಹೇಗೂ ಫೋನ್ ಕೊಳ್ಳಬೇಕಿದ್ದರೆ ಇದರಿಂದಲೂ ಚರಿತ್ರೆ ಶುರುವಾಗುತ್ತದೆ. ನೋ ಕಾಸ್ಟ್ (ಬಡ್ಡಿಯಿಲ್ಲ) ಅಂದರೂ ಪ್ರೊಸೆಸಿಂಗ್ ಶುಲ್ಕ ಎಷ್ಟು, ಕಂತಿನ ದಿನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ದಂಡ ಎಷ್ಟು ಅಂತ ಕೇಳಿ. ಜೊತೆಗೆ ಕೊಡುವ ಇಎಂಐ ಕಾರ್ಡ್ ಕ್ರೆಡಿಟ್ ಕಾರ್ಡ್ ಅಲ್ಲ, ಅದನ್ನು ಹಿಡಿದು ಪೆಟ್ರೋಲ್ ಬಂಕಿಗೆ ಹೋಗಲಾಗದು.

ಅಪ್ಪನ ಅಥವಾ ಗಂಡನ ಕಾರ್ಡಿಗೆ ಸೇರಿಸಿ ಕೊಡುವ ಆ್ಯಡ್ ಆನ್ ಕಾರ್ಡ್ ಖರ್ಚಿಗೆ ಅನುಕೂಲ. ಆದರೆ ಬಿಲ್ಲೂ ದಾಖಲೆಯೂ ಮೂಲ ಕಾರ್ಡಿನವರ ಹೆಸರಿನಲ್ಲೇ. ನಿಮ್ಮ ಸ್ಕೋರ್ ಕಟ್ಟುವ ಉದ್ದೇಶಕ್ಕೆ ಉಪಯೋಗವಿಲ್ಲ.

ತೋಟದವರ ಲೆಕ್ಕ ಬೇರೆ

ಮಲೆನಾಡಿನಲ್ಲಿ ಸಾಲದ ಲೆಕ್ಕ ವರ್ಷಕ್ಕೊಮ್ಮೆ ನಡೆಯುವಂಥದ್ದು. ಗೊಬ್ಬರದ ಅಂಗಡಿಯಲ್ಲಿ ಮಳೆಗಾಲಕ್ಕೆ ಮುಂಚೆ ಬರೆಸಿ ತರುತ್ತಾರೆ. ಅರೇಬಿಕಾ ನವೆಂಬರ್‌ನಿಂದ ಜನವರಿ, ರೊಬಸ್ಟಾ ಮಾರ್ಚ್‌ವರೆಗೆ ಕೊಯ್ಲು. ಕಾಫಿ ಮಾರಿದ ಮೇಲೆ ಅಂಗಡಿಯವರ ಪುಸ್ತಕ ತೀರುತ್ತದೆ. ಬೆಲೆ ಏರಲಿ ಅಂತ ಚೀಲ ಇಟ್ಟುಕೊಂಡರೆ ಇನ್ನೂ ಎರಡು ತಿಂಗಳು ಮುಂದೆ ಹೋಗುತ್ತದೆ, ಅಂಗಡಿಯವರೂ ಕಾಯುತ್ತಾರೆ. ಕ್ರೆಡಿಟ್ ಕಾರ್ಡ್ ಕಾಯುವುದಿಲ್ಲ. ಆಗಸ್ಟ್ ತಿಂಗಳ ಜಡಿಮಳೆಯಲ್ಲೂ ಬಿಲ್ ಬರುತ್ತದೆ, ಇಪ್ಪತ್ತು ದಿನದೊಳಗೆ ಕಟ್ಟಬೇಕು. ಫಸಲು ಬಂದಾಗ ಕಟ್ಟೋಣ ಅಂತ ಮಳೆಗಾಲದಲ್ಲಿ ಕಾರ್ಡ್ ಉಜ್ಜಿದರೆ ವರ್ಷಕ್ಕೆ ನಲವತ್ತು ಪರ್ಸೆಂಟ್ ಬಡ್ಡಿಯ ಸಾಲ ಮಾಡಿದಂತೆ. ಸೊಸೈಟಿಯಲ್ಲಿ ಮಿತಿಯೊಳಗಿನ ಬೆಳೆ ಸಾಲಕ್ಕೆ ಸರಿಯಾಗಿ ಕಟ್ಟಿದರೆ ಬಡ್ಡಿಯೇ ಇಲ್ಲದಿರುವಾಗ ಇದು ಯಾವ ಲೆಕ್ಕ?

ತೋಟದವರು ಕಾರ್ಡ್ ತಗೊಳ್ಳಲೇಬಾರದು ಅಂತ ಹೇಳುತ್ತಿಲ್ಲ. ಕಾಫಿ ಮಾರಿದ ತಕ್ಷಣ, ಕೈಯಲ್ಲಿ ದುಡ್ಡಿರುವಾಗಲೇ ಎಫ್‌ಡಿ ಇಟ್ಟು ಕಾರ್ಡ್ ಮಾಡಿಸಿ. ವರ್ಷದ ಕಾರ್ಡ್ ಖರ್ಚಿಗೆ ಆಗುವಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿ ಇಡಿ, ಬಿಲ್ಲು ಅಲ್ಲಿಂದಲೇ ಕಟ್ ಆಗಲಿ. ಪೆಟ್ರೋಲ್, ಕರೆಂಟ್ ಬಿಲ್, ಮಕ್ಕಳ ಬಸ್ ಟಿಕೆಟ್, ಇಷ್ಟಕ್ಕೆ ಮಾತ್ರ ಬಳಸಿ. ಆಳುಗಳ ಸಂಬಳಕ್ಕೆ ಅಂತ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಲೇಬೇಡಿ. ಅದಕ್ಕೆ ಬಡ್ಡಿಯಿಲ್ಲದ ದಿನಗಳೇ ಇಲ್ಲ, ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ.

"ನಮ್ಮ ಹತ್ರ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆಯಲ್ಲ" ಅನ್ನುವವರಿಗೆ: ಅದು ಬೆಳೆ ಸಾಲ, ಈ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಬ್ಯಾಂಕಿನಿಂದ ತೆಗೆದ ಕೆಸಿಸಿ ನಿಮ್ಮ ದಾಖಲೆಯಲ್ಲಿ ಇರುತ್ತದೆ. ಸರಿಯಾಗಿ ನವೀಕರಿಸಿಕೊಂಡು ಬಂದಿದ್ದರೆ ನೀವು ಚರಿತ್ರೆ ಇಲ್ಲದವರ ಸಾಲಿನಲ್ಲೇ ಇಲ್ಲ.

ಕಾರ್ಡಿನಲ್ಲಿ ಏನು ನೋಡಬೇಕು

ಏರ್‌ಪೋರ್ಟ್ ಲೌಂಜ್ ಬಿಟ್ಟುಬಿಡಿ. ಮೊದಲ ಕಾರ್ಡಿಗೆ ಅದರ ಮಾತೇ ಬೇಡ. ನಮ್ಮ ಊರುಗಳಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅದು ರುಪೇ (ವೀಸಾ, ಮಾಸ್ಟರ್‌ಕಾರ್ಡ್ ಥರದ್ದೇ ನಮ್ಮ ದೇಶದ್ದು) ಕಾರ್ಡಾ ಅನ್ನುವುದು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಕಾರ್ಡ್ ಉಜ್ಜುವ ಮೆಷಿನ್ ಇಲ್ಲದ ಅಂಗಡಿಯಲ್ಲೂ ಕ್ಯೂಆರ್ ಇರುತ್ತದಲ್ಲ, ಅಲ್ಲಿ ಇದು ನಡೆಯುತ್ತದೆ.

ಎಲ್ಲಾ ಕಡೆ ನಡೆಯುತ್ತದೆ ಅಂತಲ್ಲ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸೊಪ್ಪಿನ ಅಜ್ಜಿಯ ಬುಟ್ಟಿಗೆ ಸಿಕ್ಕಿಸಿದ ಕ್ಯೂಆರ್ ಅವರ ಮಗನ ಸ್ವಂತ ಖಾತೆಯದ್ದಾಗಿರುತ್ತದೆ. ಸ್ಕ್ಯಾನ್ ಮಾಡಿದರೆ ಕ್ರೆಡಿಟ್ ಕಾರ್ಡ್ ಆಯ್ಕೆಯೇ ಮಸುಕಾಗಿ ಬಿಡುತ್ತದೆ, ಉಳಿತಾಯ ಖಾತೆಯಿಂದಲೇ ಕೊಡಬೇಕು. ಪಕ್ಕದ ದಿನಸಿ ಅಂಗಡಿಯದ್ದು ವ್ಯಾಪಾರಿ ಕ್ಯೂಆರ್, ಅಲ್ಲಿ ಪಿನ್ ಹಾಕಿದ ಕೂಡಲೇ ಸೌಂಡ್ ಬಾಕ್ಸ್ ಕೂಗುತ್ತದೆ. 2,000 ರೂಪಾಯಿವರೆಗೆ ಸಣ್ಣ ಅಂಗಡಿಯವರಿಗೆ ಇದರ ಮೇಲೆ ಶುಲ್ಕ ಇಲ್ಲ. ಅದಕ್ಕಿಂತ ಮೇಲಾದರೆ ಅವರಿಗೆ ಶುಲ್ಕ ಬೀಳುತ್ತದೆ. ದೊಡ್ಡ ಬಿಲ್ಲಿಗೆ ಅವರು ಮುಖ ಗಂಟು ಹಾಕಿಕೊಂಡರೆ ಕಾರಣ ಅದೇ.

ಕಾರ್ಡ್ ಬಂದ ಮೇಲೆ

ಬಿಲ್ ಪ್ರತಿ ತಿಂಗಳು 5ಕ್ಕೆ ತಯಾರಾಗಿ, ಕಟ್ಟಲು 25 ಕೊನೆ ದಿನ ಅಂದುಕೊಳ್ಳಿ. 4ನೇ ತಾರೀಖು ಕೊಂಡದ್ದಕ್ಕೆ ಸಿಗುವುದು ಮೂರು ವಾರ. 6ಕ್ಕೆ ಕೊಂಡರೆ ಹತ್ತಿರ ಹತ್ತಿರ ಐವತ್ತು ದಿನ. ಸಂಬಳದ ತಾರೀಖಿಗೆ ಹೊಂದುವ ಹಾಗೆ ಈ ಬಿಲ್ ದಿನವನ್ನು ಒಮ್ಮೆಯಾದರೂ ಬದಲಾಯಿಸಿಕೊಳ್ಳುವ ಅವಕಾಶ ಬ್ಯಾಂಕು ಕೊಡಬೇಕು. ಕೇಳಿ ಮಾಡಿಸಿಕೊಳ್ಳಿ.

ಆಟೋ ಡೆಬಿಟ್ ಹಾಕುವಾಗ ಎರಡು ಆಯ್ಕೆ ಬರುತ್ತದೆ: ಪೂರ್ತಿ ಬಾಕಿ, ಮಿನಿಮಮ್ ಡ್ಯೂ (ಕನಿಷ್ಠ ಕಟ್ಟಲೇಬೇಕಾದಷ್ಟು). ಎಷ್ಟೋ ಜನ ನೋಡದೆ ಎರಡನೆಯದನ್ನು ಒತ್ತಿಬಿಡುತ್ತಾರೆ. ಅದರ ಪರಿಣಾಮ ನೋಡಿ. ಬಿಲ್ 12,000, ಮಿನಿಮಮ್ ಶೇ 5, ಅಂದರೆ 600 ಕಟ್ಟಿದಿರಿ. ಉಳಿದ 11,400ಕ್ಕೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ 399. ಆ ಬಡ್ಡಿ ಮೇಲೆ ಶೇ 18 ಜಿಎಸ್‌ಟಿ, 72. ಒಟ್ಟು 471. ಕೊಟ್ಟಿದ್ದು 600, ಸಾಲ ಇಳಿದದ್ದು 129. ಇದೂ ಕಮ್ಮಿ ಹಿಡಿದ ಲೆಕ್ಕ. ನಿಜದಲ್ಲಿ ಬಡ್ಡಿ ಕೊಂಡ ದಿನದಿಂದ ಎಣಿಕೆಯಾಗುತ್ತದೆ, ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ದಿನಗಳು ಹೋಗುತ್ತವೆ. ಕಾರ್ಡ್ ಬಡ್ಡಿ ವರ್ಷಕ್ಕೆ 30 ಪರ್ಸೆಂಟ್ ದಾಟಬಾರದು ಅಂತ ಗ್ರಾಹಕ ಆಯೋಗ ಹಿಂದೆ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಹಾಗಾಗಿ ಆ ಕಡೆಯಿಂದ ರಕ್ಷಣೆ ಇಲ್ಲ.

ಸ್ಕೋರ್ ಚೆನ್ನಾಗಿರಬೇಕಾದರೆ ಲಿಮಿಟ್‌ನ ಮೂರನೇ ಒಂದು ಭಾಗ ದಾಟಬೇಡಿ ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಇಪ್ಪತ್ತೈದು ಸಾವಿರದ ಎಫ್‌ಡಿಗೆ ಇಪ್ಪತ್ತು ಸಾವಿರ ಲಿಮಿಟ್ ಸಿಕ್ಕಿದ್ದರೆ ಆರೇಳು ಸಾವಿರಕ್ಕೆ ಅದು ಮುಗಿದೇ ಹೋಯಿತು. ದಿನಸಿ, ಗ್ಯಾಸು, ಪೆಟ್ರೋಲು ಸೇರಿದರೆ ಅಷ್ಟಾಗುತ್ತದೆ. ಉಪಾಯ ಸುಲಭ. ಬಿಲ್ ಆಗುವವರೆಗೆ ಕಾಯದೆ ನಡುವೆಯೇ ಒಂದಿಷ್ಟು ಕಟ್ಟಿಬಿಡಿ, ಬಿಲ್ಲಿನಲ್ಲಿ ಬಾಕಿ ಕಮ್ಮಿ ಕಾಣುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಆ ನಾಲ್ಕು ಕಂಪನಿಗಳಿಗೆ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು. ಹಾಗಾಗಿ ಒಳ್ಳೆಯದೂ ಕೆಟ್ಟದ್ದೂ ಮೊದಲಿಗಿಂತ ಬೇಗ ದಾಖಲೆಗೆ ಸೇರುತ್ತದೆ. ಕೊನೆ ದಿನ ತಪ್ಪಿದರೆ ಮೂರು ದಿನದವರೆಗೆ ಲೇಟ್ ಫೀ ಹಾಕುವಂತಿಲ್ಲ, ತಪ್ಪಿದ್ದು ಅಂತ ವರದಿ ಮಾಡುವಂತೆಯೂ ಇಲ್ಲ. ರಜೆ ಬಂತು, ಸರ್ವರ್ ಇಲ್ಲ ಅನ್ನುವ ಸಂದರ್ಭಕ್ಕೆ ಇದು ಸಾಕು, ಅಭ್ಯಾಸ ಮಾಡಿಕೊಳ್ಳಬೇಡಿ.

"ಲಿಮಿಟ್ ಜಾಸ್ತಿ ಮಾಡಿಕೊಡ್ತೀವಿ" ಅಂತ ಫೋನ್ ಮಾಡಿ ಓಟಿಪಿ ಕೇಳುವವರು, ವಾಟ್ಸಾಪ್‌ನಲ್ಲಿ ಬ್ಯಾಂಕಿನ ಹೆಸರಿನ ಫೈಲ್ ಕಳಿಸುವವರು ಹೊಸ ಕಾರ್ಡಿನವರನ್ನೇ ಹುಡುಕುತ್ತಿರುತ್ತಾರೆ. ದುಡ್ಡು ಹೋದರೆ ಆ ಕ್ಷಣವೇ ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕೇಳದೇ ಇದ್ದ ಕಾರ್ಡ್ ಮನೆಗೆ ಬಂದರೆ ಸಕ್ರಿಯ ಮಾಡಲು ಓಟಿಪಿ ಕೊಡಬೇಡಿ. ಕೇಳದೆ ಕೊಟ್ಟ ಕಾರ್ಡಿಗೆ ಬಿಲ್ ಹಾಕಿದರೆ ಆ ಮೊತ್ತ ವಾಪಸ್ ಮಾಡಿ, ಅದರ ಎರಡರಷ್ಟು ದಂಡವನ್ನೂ ಅವರೇ ಕೊಡಬೇಕು. ಬ್ಯಾಂಕು ದೂರಿಗೆ 30 ದಿನದಲ್ಲಿ ಉತ್ತರ ಕೊಡದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448.

ವರ್ಷ ಕಳೆದು ಸ್ಕೋರ್ ಗಟ್ಟಿಯಾದ ಮೇಲೆ ಮಾಮೂಲಿ ಕಾರ್ಡ್ ಸಿಕ್ಕಿತು ಅಂತ ಎಫ್‌ಡಿ ಕಾರ್ಡನ್ನು ತಕ್ಷಣ ಮುಚ್ಚಬೇಡಿ. ಹೊಸದು ಒಂದೆರಡು ಬಿಲ್ ಕಾಣಲಿ. ಆಮೇಲೆ ಬಾಕಿ ಪೂರ್ತಿ ಕಟ್ಟಿ, ಮುಚ್ಚಲು ಇ-ಮೇಲ್‌ನಲ್ಲೋ ಆ್ಯಪ್‌ನಲ್ಲೋ ಅರ್ಜಿ ಕೊಡಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ದಂಡ ನಿಮಗೆ ಸಲ್ಲುತ್ತದೆ. ಕಾರ್ಡ್ ಮುಚ್ಚಿದರೂ ಎಫ್‌ಡಿ ಮೇಲಿನ ಲೀನ್ ಕೆಲವು ಸಲ ಹಾಗೇ ಉಳಿದಿರುತ್ತದೆ. ಅದನ್ನು ತೆಗೆಸಿದ್ದಕ್ಕೆ ಬ್ಯಾಂಕಿನಿಂದ ಬರಹದಲ್ಲಿ ಪಡೆದುಕೊಳ್ಳಿ.